ಸುಮನಾಳ ಜ್ವರ

ಪುಣೆಯ ಹಡಪಸರದಲ್ಲಿ ನಾನು ಮಕ್ಕಳಿಗೆ ಟೆನಿಸ್ ಕಲಿಸುವ ಸೊಸಾಯಿಟಿಯ ಹಿಂದೆ ಹೊಸ ರಸ್ತೆ ಆಗುತ್ತಿದೆ. ಹೋದ ತಿಂಗಳು ಒಂದು ಮುಂಜಾನೆ ಅಲ್ಲಿ ಮುರುಮ ಸುರಿದು, ಟ್ಯಾಂಕರಿನಿಂದ ನೀರು ಬಿಟ್ಟು, ರೋಲರ್ ಹೊಡೆಯುತ್ತಿದ್ದರು. ಮುರುಮ ಎಂದರೆ ನಮ್ಮ ಗದಗಿನ ಕಡೆ ಗರಸು ಅನ್ನುತ್ತಾರಲ್ಲ, ಆ ಕೆಂಪು ಮಣ್ಣು. ಪಕ್ಕದಲ್ಲೇ ಯಾರದೋ ಎಮ್ಮೆಗಳ ಕೊಟ್ಟಿಗೆ. ತೊಯ್ದ ಮಣ್ಣು, ಸಗಣಿ ಎರಡೂ ಕೂಡಿದ ವಾಸನೆ ಗಾಳಿಯಲ್ಲಿ ಬಂತು ನೋಡಿ, ಕೈಯಲ್ಲಿದ್ದ ಚೆಂಡು ಕೈಯಲ್ಲೇ ಉಳಿಯಿತು. ಎದುರಿಗಿದ್ದ ಹುಡುಗಿ "ಮ್ಯಾಮ್, ಬಾಲ್ ಟಾಕಾ ನಾ" ಚೆಂಡು ಹಾಕಿ ಎಂದು ಎರಡು ಸಲ ಕೂಗಿದಳಂತೆ. ನನಗೆ ಕೇಳಿಸಲಿಲ್ಲ. ನಾನು ಎರಡು ಸಾವಿರದ ಒಂದನೆಯ ಇಸವಿಯ ಚಳಿಗಾಲಕ್ಕೆ ಹೋಗಿಬಿಟ್ಟಿದ್ದೆ.

ಖುಷಿಯಿಂದ ಹೋದದ್ದಲ್ಲ. ಆ ಹಂಗಾಮಿನ ಬಗ್ಗೆ ನನ್ನೊಳಗೆ ಒಂದು ಗೊಂದಲ ಇದೆ. ಇಪ್ಪತ್ತು ವರ್ಷ ದಾಟಿದರೂ ಬಗೆಹರಿದಿಲ್ಲ. "ನೀವು ಪ್ರೊಫೆಷನಲ್ ಆಡಿದವರಂತೆ, ಶುರು ಹೇಗಾಯ್ತು?" ಎಂದು ಮಕ್ಕಳ ತಾಯಂದಿರು ಕೇಳುತ್ತಾರೆ. ಆಗ ಅಪ್ಪನ ಕಥೆ, ಶಿಂದೆ ಕಾಕಾನ ಕಥೆ ಹೇಳಿ ಜಾರಿಕೊಳ್ಳುತ್ತೇನೆ. ಸುಮನಾಳ ಜ್ವರದ ಕಥೆ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಅವತ್ತು ನಾನು ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಎಂಬುದು ಮೊದಲು ನನಗೇ ಗೊತ್ತಿರಬೇಕು. ಗೊತ್ತಿಲ್ಲ.

ಅಪ್ಪ ಪುಣೆ ಕ್ಯಾಂಪಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಚೇರಿಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಒಂದು ಹಳೆಯ ಕ್ಲಬ್ಬು. ಅಲ್ಲಿನ ಮಾರ್ಕರ್ ಶಿಂದೆ ಕಾಕಾ ನಮ್ಮ ವಾಡೆಯಲ್ಲೇ, ಅಂದರೆ ನಾವಿದ್ದ ಹಳೆಯ ವಠಾರದಲ್ಲೇ, ಕೆಳಗಿನ ಮನೆಯಲ್ಲಿದ್ದರು. ಮಾರ್ಕರ್ ಎಂದರೆ, ಜೋಡಿ ಇಲ್ಲದೆ ಆಡಲು ಬಂದ ಮೆಂಬರುಗಳ ಎದುರು ನಿಲ್ಲಲು ಕ್ಲಬ್ಬು ಸಂಬಳ ಕೊಟ್ಟು ಇಟ್ಟುಕೊಂಡ ಆಟಗಾರ. ಮೆಂಬರನ್ನು ಸೋಲಿಸುವಷ್ಟು ಚೆನ್ನಾಗಿ ಆಡಬೇಕು, ಆದರೆ ಸೋಲಿಸಬಾರದು. ಅದೇ ಆ ನೌಕರಿಯ ಗುಟ್ಟು. ದಿನವಿಡೀ ಬೇಕೆಂತಲೇ ಸೋತು ಬಂದ ಕಾಕಾ ಸಂಜೆ ವಾಡೆಯ ಅಂಗಳದ ಗೋಡೆಗೆ ನನ್ನಿಂದ ಚೆಂಡು ಹೊಡೆಸುತ್ತಿದ್ದರು. ನನಗೆ ಆಗ ಒಂಬತ್ತು. ಹದಿಮೂರಕ್ಕೆ ನಾನು ಶಾಲೆಗಳ ಪಂದ್ಯ ಗೆದ್ದೆ, ಹದಿನಾರಕ್ಕೆ ಜಿಲ್ಲೆ. ಅವ್ವ ಮಾತ್ರ "ಬಿಸಲಾಗ ಕರ್ರಗ ಆಗಾಕತ್ತೀಯಲ್ಲ, ನಿನ್ನ ಯಾರ ಒಪ್ಪತಾರವಾ" ಎನ್ನುತ್ತಲೇ ಶೇಂಗಾ ಉಂಡೆ ಕಟ್ಟಿ ಕೊಡುತ್ತಿದ್ದಳು.

ಹನ್ನೆರಡನೇ ಇಯತ್ತೆ ಮುಗಿದಾಗ ಅಪ್ಪ ಒಂದು ಕರಾರು ಹಾಕಿದರು. ಅಪ್ಪನ ಕರಾರುಗಳು ಕಚೇರಿಯ ಆದೇಶದ ಹಾಗೆ, ಚಿಕ್ಕವು, ಸ್ಪಷ್ಟವಾದವು.

"ಈ ಹಂಗಾಮ ಒಂದ ನೋಡೂಣು. ಒಂದ ಅಂಕ ತೊಗೊಂಡ ಬಾ, ಮುಂದ ಆಡು. ಬರಲಿಲ್ಲಂದ್ರ ಜೂನದಾಗ ಬಿ.ಕಾಂ.ಗೆ ಹೆಸರ ಹಚ್ಚೂದು. ಆಮ್ಯಾಲ ಅಳೂದು ಕರಿಯೂದು ಇಲ್ಲ. ಹೌದಿಲ್ಲೊ?"

"ಹೌದ್ರಿ ಅಪ್ಪಾ," ಎಂದೆ.

ಅಂಕ ಎಂದರೆ ಜಗತ್ತಿನ ಆಟಗಾರ್ತಿಯರ ಪಟ್ಟಿಗೆ ಲೆಕ್ಕವಾಗುವ ಅಂಕ. ದೊಡ್ಡ ದೊಡ್ಡ ಪಂದ್ಯಾವಳಿಗಳ ಕೆಳಗೆ ಸಣ್ಣವೂ ಇರುತ್ತವೆ. ಅವುಗಳ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೂ ಅಂಕ ಬರುತ್ತದೆ. ಆದರೆ ಮುಖ್ಯ ಸುತ್ತಿಗೆ ಹೋಗುವುದೇ ಕಷ್ಟ. ನನ್ನಂಥವರು ಮೊದಲು ಅರ್ಹತಾ ಸುತ್ತಿನಲ್ಲಿ ಸಾಲಾಗಿ ಮೂರು ಪಂದ್ಯ ಗೆಲ್ಲಬೇಕು. ಆ ವರ್ಷ ಡಿಸೆಂಬರಿನಲ್ಲಿ ಅಂಥದೊಂದು ಪಂದ್ಯಾವಳಿ ನಮ್ಮ ಕ್ಲಬ್ಬಿಗೇ ಬರುವುದೆಂದು ಗೊತ್ತಾಯಿತು. ಮನೆಯ ಬಾಗಿಲಿಗೇ ದೇವರು ಬಂದ ಹಾಗೆ ಅಪ್ಪ ಸಂಭ್ರಮಪಟ್ಟರು.

ಮಳೆಗಾಲದಲ್ಲಿ ನಮ್ಮ ಅಂಕಣಗಳು ಕೆಸರಾಗಿ ಬಿದ್ದಿರುತ್ತಿದ್ದವು. ದಸರೆ ಹೊತ್ತಿಗೆ ಕಾಕಾ ಮತ್ತು ನಾಲ್ಕು ಆಳುಗಳು ಹೊಸ ಮುರುಮ ಹರವಿ, ನೀರು ಹೊಡೆದು, ಕಲ್ಲಿನ ರೋಲರ್ ಎಳೆದು, ಹಿಂದಿನ ಎರಡು ಅಂಕಣಗಳಿಗೆ ಸಗಣಿ ನೀರು ಸಾರಿಸುತ್ತಿದ್ದರು. ಹಾಗೆ ಮಾಡಿದರೆ ಧೂಳು ಏಳುವುದಿಲ್ಲ. ಆ ವರ್ಷ ಸಾರಿಸಲು ನಾನೂ ಸುಮನಾಳೂ ಕೈ ಹಾಕಿದ್ದೆವು. ಒಣಗುವ ಮೊದಲೇ ಓಡಿ ಇಬ್ಬರೂ ಕಾಕಾನಿಂದ ಬೈಸಿಕೊಂಡಿದ್ದೆವು.

ಸುಮನಾ ಕ್ಯಾಂಪಿನಲ್ಲಿ ಹೋಟೆಲ್ ಇಟ್ಟಿದ್ದ ಕುಂದಾಪುರದ ಕಡೆಯವರ ಮಗಳು. ಬೆಳಿಗ್ಗೆ ಆರಕ್ಕೆ ಬರುವಾಗ ಹೋಟೆಲಿನಿಂದ ಬಿಸಿ ಬನ್ಸ್ ಕಾಗದದಲ್ಲಿ ಸುತ್ತಿ ತರುತ್ತಿದ್ದಳು. ನನ್ನ ಕನ್ನಡ ಕೇಳಿ ಅವಳಿಗೆ ನಗು, ಅವಳ ಕನ್ನಡ ಕೇಳಿ ನನಗೆ. "ನಿಮ್ಮದು ಜಗಳ ಮಾಡಿದ ಹಾಗೆ ಉಂಟು ಮಾರಾಯ್ತಿ," ಎನ್ನುತ್ತಿದ್ದಳು. "ನಿಮ್ಮದು ದೇವರ ಮುಂದ ಹಾಡಿದ್ಹಂಗ ಅದ," ಎಂದು ನಾನು. ಐದು ವರ್ಷ ಒಟ್ಟಿಗೆ ಆಡಿದೆವು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅನ್ನಬಾರದು: ಆಟದಲ್ಲಿ ಅವಳು ನನಗಿಂತ ಮೇಲು. ಹತ್ತು ಸಲ ಆಡಿದರೆ ಏಳು ಸಲ ಅವಳೇ ಗೆಲ್ಲುತ್ತಿದ್ದಳು. ಅವಳ ಬ್ಯಾಕ್‌ಹ್ಯಾಂಡ್ ನೋಡಿದವರು ಸುಮ್ಮನೆ ನಿಂತುಬಿಡುತ್ತಿದ್ದರು. ನನ್ನ ಆಟ ನೋಡಿದವರು "ಹುಡುಗಿ ಬಿಡೋದಿಲ್ಲ" ಎನ್ನುತ್ತಿದ್ದರು, ಅಷ್ಟೇ. ಆದ್ದರಿಂದ ಸಂಘಟಕರು ಊರಿನ ಆಟಗಾರ್ತಿಗೆಂದು ಇಟ್ಟ ವೈಲ್ಡ್ ಕಾರ್ಡನ್ನು ಅವಳಿಗೆ ಕೊಟ್ಟರು. ಅರ್ಹತಾ ಸುತ್ತು ಆಡದೆಯೇ ಅವಳು ನೇರ ಮುಖ್ಯ ಸುತ್ತಿಗೆ. ನನಗೆ ಹೊಟ್ಟೆಕಿಚ್ಚು ಆಗಲಿಲ್ಲವೇ? ಆಯಿತು. ಆದರೆ ಅವಳಿಗೆ ಕೊಡದಿದ್ದರೆ ಕೊಟ್ಟವರನ್ನು ನಾನೇ ಬೈಯುತ್ತಿದ್ದೆ. ಎರಡೂ ನಿಜ.

ಡಿಸೆಂಬರಿನ ಆ ಶನಿವಾರ, ಭಾನುವಾರ ನಾನು ಎರಡು ಪಂದ್ಯ ಗೆದ್ದೆ. ಸೋಮವಾರ ಮೂರನೆಯದನ್ನು ಸೋತೆ. ಸೋತ ಬಗೆ ಹೇಳುವಂಥದ್ದಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಸಾಕು. ಹಿಂದಿನ ಅಂಕಣದ ಕಟ್ಟೆಯ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಜೂನ್ ತಿಂಗಳು, ಬಿ.ಕಾಂ., ಕಾಲೇಜಿನ ಕಾರಿಡಾರು, ಎಲ್ಲ ಕಣ್ಣೆದುರು ಬಂತು. ಅಪ್ಪ ಸಮಾಧಾನಕ್ಕೆ ಬರಲಿಲ್ಲ. ಅವರು ನೋಟಿಸ್ ಬೋರ್ಡಿನ ಮುಂದೆ ನಿಂತು, ಚಷ್ಮಾ ಹಣೆಗೆ ಏರಿಸಿ, ನಿಯಮಗಳ ಹಾಳೆಯನ್ನು ಸಾಲು ಸಾಲಾಗಿ ಓದುತ್ತಿದ್ದರು. ಸರ್ಕಾರಿ ಗುಮಾಸ್ತನಿಗೆ ಹಾಳೆ ಕಂಡರೆ ಓದದೆ ಇರಲಿಕ್ಕಾಗುವುದಿಲ್ಲ.

"ವಿದ್ಯಾ, ಬಾ ಇಲ್ಲೆ. ಇಲ್ಲೊಂದ ಲಿಸ್ಟ್ ಅದ ನೋಡು."

ಇತ್ತು. ಕೊನೆಯ ಅರ್ಹತಾ ಪಂದ್ಯ ಸೋತವರು ಮಾರನೆಯ ದಿನ ಮುಂಜಾನೆ ಮೊದಲ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ರೆಫರಿಯ ಮೇಜಿನ ಬಳಿ ಸಹಿ ಮಾಡಿದರೆ, ಮುಖ್ಯ ಸುತ್ತಿನಲ್ಲಿ ಯಾರಾದರೂ ಹಿಂದೆ ಸರಿದಾಗ ಆ ಜಾಗಕ್ಕೆ ಅವರನ್ನು ತೆಗೆದುಕೊಳ್ಳುತ್ತಾರೆ. ಲಕ್ಕಿ ಲೂಸರ್ ಎಂದು ಅದರ ಹೆಸರು. ಆ ಪಟ್ಟಿ ನನಗೆ ಗೊತ್ತಿರಲಿಲ್ಲವೆಂದಲ್ಲ, ಸಹಿ ಮಾಡಲು ಮನಸ್ಸಿರಲಿಲ್ಲ. ಸೋತವಳು ಮತ್ತೆ ಬಾಗಿಲಲ್ಲಿ ನಿಲ್ಲುವುದು ಎಂದರೆ ಏನು? ಊಟ ಮುಗಿದ ಪಂಕ್ತಿಯ ಹಿಂದೆ ನಿಂತ ಹಾಗೆ.

"ನಾ ಮಾಡೂದಿಲ್ರಿ," ಎಂದೆ.

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ಅವರು ಬದುಕಿನಲ್ಲಿ ಪಡೆದದ್ದೆಲ್ಲ ಪಟ್ಟಿಯಿಂದಲೇ. ಗ್ಯಾಸು, ಫೋನು, ಕ್ವಾರ್ಟರ್ಸು. ಗದಗಿಗೆ ಹೋಗುವಾಗ ಅವರು ಖಾತ್ರಿ ಟಿಕೀಟು ತೆಗೆದದ್ದನ್ನು ನಾನು ನೋಡಿಲ್ಲ. ಯಾವಾಗಲೂ ವೇಟಿಂಗು, ಯಾವಾಗಲೂ ಕೊನೆಯ ಗಳಿಗೆಯಲ್ಲಿ ಸೀಟು. "ಹುಚ್ಚಿ, ಲಿಸ್ಟಿನ್ಯಾಗ ಹೆಸರ ಇದ್ರ ಸಾಕು. ಗಾಡಿ ಬಿಡೂತನಾ ಆಶಾ ಬಿಡಬಾರದು. ಯಾರಿಗೊ ಮದವಿ ಕ್ಯಾನ್ಸಲ್ ಆಗತದ, ಯಾರಿಗೊ ಹೊಟ್ಟಿ ಕೆಡತದ. ಅದು ನಮ್ಮ ತಪ್ಪೇನು?"

ಮಂಗಳವಾರ ಅವರು ರಜೆ ಹಾಕಿ ನನ್ನನ್ನು ಕರೆದೊಯ್ದು ಸಹಿ ಮಾಡಿಸಿದರು. ಸೋತ ನಾಲ್ವರಲ್ಲಿ ಇಬ್ಬರು ರಾತ್ರಿಯ ರೈಲಿಗೆ ಊರಿಗೆ ಹೋಗಿಯಾಗಿತ್ತು. ಉಳಿದ ಇಬ್ಬರ ಹೆಸರು ಚೀಟಿ ಬರೆದು ಎತ್ತಿದರು. ಮೊದಲು ನನ್ನದು ಬಂತು. "ವೇಟಿಂಗ್ ಒಂದ!" ಎಂದು ಅಪ್ಪ ನನ್ನ ಬೆನ್ನು ತಟ್ಟಿದರು. "ಕನ್ಫರ್ಮ್ ಆದ್ಹಂಗನ ಇದು."

ಮೊದಲ ಸುತ್ತು ಎರಡು ದಿನ ನಡೆಯುತ್ತಿತ್ತು. ಮಂಗಳವಾರವಿಡೀ ನಾನು ಶೂಸು ಕಟ್ಟಿಕೊಂಡು, ರ್‍ಯಾಕೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತೆ. ಯಾರು ಕುಂಟುತ್ತಾರೆ, ಯಾರು ಭುಜ ಹಿಡಿದುಕೊಳ್ಳುತ್ತಾರೆ, ಯಾರು ಶೌಚಾಲಯಕ್ಕೆ ಎರಡನೆಯ ಸಲ ಹೋದರು, ಇದೇ ನೋಡುವುದು. ಕೊರಿಯಾದ ಹುಡುಗಿಯೊಬ್ಬಳು ಮೆಟ್ಟಿಲಲ್ಲಿ ಎಡವಿದಳು. ನಾನು ರ್‍ಯಾಕೆಟ್ಟು ಹಿಡಿದು ಎದ್ದು ನಿಂತೆ. ಅವಳು ಎದ್ದು ನಕ್ಕು ಹೋದಳು, ನನಗೆ ಬೇಜಾರಾಯಿತು. ಬೇಜಾರಾದದ್ದಕ್ಕೆ ಇನ್ನೂ ಬೇಜಾರಾಯಿತು. ಯಾರದೂ ಕೆಡಕು ಬಯಸಬಾರದೆಂದು ಬೆಳೆದವಳು ನಾನು. ಆ ದಿನ ಮೂವತ್ತು ಚಿಲ್ಲರೆ ಹುಡುಗಿಯರ ಕೆಡಕು ಬಯಸುತ್ತ, ಬಯಸಲಿಲ್ಲವೆಂದು ದೇವರಿಗೆ ಹೇಳುತ್ತ ಕೂತಿದ್ದೆ.

ಬುಧವಾರ ಮೊದಲ ಪಂದ್ಯವೇ ಸುಮನಾಳದು, ಒಂಬತ್ತೂವರೆಗೆ. ಎದುರಾಳಿ ಉಜ್ಬೇಕಿಸ್ತಾನದ ಎತ್ತರದ ಹುಡುಗಿ. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಿದ್ದಳು. ಹಿಂದಿನ ವಾರಗಳಲ್ಲಿ ಹೋದಲ್ಲೆಲ್ಲ ಮೊದಲ ಸುತ್ತಿನಲ್ಲೇ ಸೋತು ಬಂದವಳು. ಡ್ರಾ ನೋಡಿದವರೆಲ್ಲ ಸುಮನಾಳಿಗೆ "ಅಂಕ ಬಂದ ಹಾಗೇ" ಎಂದಿದ್ದರು. ನಾನೂ ಅಂದಿದ್ದೆ.

ಎಂಟೂವರೆಗೆ ಹೆಂಗಸರ ಕೋಣೆಗೆ ಹೋದರೆ ಸುಮನಾ ಬೆಂಚಿನ ಮೇಲೆ ಮಲಗಿದ್ದಳು. ಕಣ್ಣಿಗೆ ಟವೆಲ್ಲು, ಮೈಮೇಲೆ ಎರಡು ಸ್ವೆಟರು.

"ಎಂತ ಅಂತ ಗೊತ್ತಿಲ್ಲ ಮಾರಾಯ್ತಿ. ನಿನ್ನೆಯಿಂದ ಮೈ ಕೈ ಎಲ್ಲ ನೋವು. ಅಮ್ಮನಿಗೆ ಹೇಳ್ಲಿಲ್ಲ, ಹೇಳಿದ್ರೆ ಬಿಡ್ತಿರ್ಲಿಲ್ಲ."

ಹಣೆ ಮುಟ್ಟಿದೆ. ಬಿಸಿ ಇತ್ತು. ಎಷ್ಟು ಬಿಸಿ ಎಂದರೆ ಈಗ ಹೇಗೆ ಹೇಳಲಿ? ನನ್ನ ಕೈ ಚಳಿಗೆ ತಣ್ಣಗಿತ್ತು. ಹೊರಗೆ ಶಿಂದೆ ಕಾಕಾ ಬಾಗಿಲ ಬಳಿ ನಿಂತಿದ್ದರು. ಆ ಕೋಣೆಗೆ ಗಂಡಸರು ಬರುವ ಹಾಗಿಲ್ಲ, ಅದರಲ್ಲೂ ಮಾರ್ಕರ್ ಅಂತೂ ಬರುವ ಹಾಗೇ ಇಲ್ಲ. ಪಂದ್ಯಾವಳಿಯ ಡಾಕ್ಟರು ತಮ್ಮ ದವಾಖಾನೆ ಮುಗಿಸಿ ಹನ್ನೊಂದಕ್ಕೆ ಬರುವವರು. ಸುಮನಾಳ ಮನೆಯವರಿಗೆ ಬೆಳಗಿನ ಗಿರಾಕಿಗಳ ಗದ್ದಲ. ಅವರು ಒಂಬತ್ತೂವರೆಗೆ ನೇರ ಆಟ ನೋಡಲು ಬರುವವರಿದ್ದರು. ಕೋಣೆಯಲ್ಲಿ ನಾವಿಬ್ಬರೇ.

"ಕಿತಿ ತಾಪ ಆಹೇ ಗ?" ಎಷ್ಟು ಜ್ವರ ಇದೆ ಎಂದು ಕಾಕಾ ಹೊರಗಿನಿಂದಲೇ ಕೇಳಿದರು.

ನನ್ನ ಚೀಲದಲ್ಲಿ ಥರ್ಮಾಮೀಟರ್ ಇತ್ತು. ಹಿಂದಿನ ವರ್ಷ ನನಗೆ ಟೈಫಾಯ್ಡ್ ಆದಾಗಿನಿಂದ ಅವ್ವ ಅದನ್ನು ಉಂಡೆ ಡಬ್ಬಿಯ ಜೊತೆ ಹಾಕುತ್ತಿದ್ದಳು. ಸುಮನಾಳ ನಾಲಗೆಯ ಕೆಳಗೆ ಇಟ್ಟು ಕಾದೆ. ಕಾಕಾ ಬಾಗಿಲಾಚೆಯಿಂದ ಹೇಳುತ್ತಿದ್ದರು: ನೂರು ಇದ್ದರೆ ಆಡಲಿ, ಎರಡು ಗುಳಿಗೆ ತಗೊಂಡು ಆಡಲಿ, ಆ ಉಜ್ಬೇಕಿ ಹುಡುಗಿ ಮೂರು ದಿನದಿಂದ ಸರಿಯಾಗಿ ಸರ್ವ್ ಮಾಡುತ್ತಿಲ್ಲ. ನೂರಾ ಎರಡು ಇದ್ದರೆ ಬೇಡ, ಈ ಮಣ್ಣಿನಲ್ಲಿ ಓಡಿದರೆ ಬಿದ್ದೇ ಬೀಳುತ್ತಾಳೆ.

ಎರಡು ನಿಮಿಷ ಆದ ಮೇಲೆ ತೆಗೆದು ಕಿಟಕಿಗೆ ಹಿಡಿದೆ. ಗಾಜಿನ ಕಡ್ಡಿಯೊಳಗಿನ ಪಾದರಸದ ಗೆರೆ ಎಲ್ಲ ಕೋನಕ್ಕೂ ಕಾಣುವುದಿಲ್ಲ, ಸ್ವಲ್ಪ ಸ್ವಲ್ಪ ತಿರುಗಿಸಬೇಕು. ತಿರುಗಿಸಿದೆ. ಕಂಡಿತು. ನೂರು ದಾಟಿತ್ತು, ಅದು ಖಂಡಿತ. ನೂರರ ಗೆರೆಯಾದ ಮೇಲೆ ಎರಡನೆಯ ಗೀಟಿನ ಹತ್ತಿರ ನಿಂತಿತ್ತು. ಅದು ದೊಡ್ಡ ಗೀಟೋ ಸಣ್ಣ ಗೀಟೋ? ದೊಡ್ಡದಾದರೆ ನೂರಾ ಎರಡು, ಸಣ್ಣದಾದರೆ ನೂರರ ಮೇಲೆ ಅರ್ಧವೂ ಇಲ್ಲ. ನನ್ನ ಕಣ್ಣಿಗೆ ಆ ಕ್ಷಣ ದೊಡ್ಡದೇ ಕಂಡಿತು ಎಂದು ನಾನು ಇವತ್ತಿಗೂ ಆಣೆ ಮಾಡಬಲ್ಲೆ. ಹಾಗೆಯೇ, ಗೆರೆ ಕಾಣುವ ಮೊದಲೇ ನನ್ನ ತಲೆಯಲ್ಲಿ "ನೂರಾ ಎರಡು" ಎಂಬ ಮಾತು ತಯಾರಾಗಿ ಕೂತಿತ್ತು ಎಂದೂ ಆಣೆ ಮಾಡಬಲ್ಲೆ.

"ಎಷ್ಟುಂಟು?" ಎಂದಳು ಸುಮನಾ, ಟವೆಲ್ಲು ತೆಗೆಯದೆ.

"ನೂರಾ ಎರಡ."

ಹೇಳಿ, ಕೈ ಎತ್ತಿ ಥರ್ಮಾಮೀಟರ್ ಝಾಡಿಸಿಬಿಟ್ಟೆ. ನಮ್ಮ ಮನೆಯಲ್ಲಿ ಅದು ರೂಢಿ. "ನೋಡಿದ ಕೂಡ್ಲೆ ಝಾಡ್ಸಿ ಇಡಬೇಕು. ಜ್ವರದ ಗೆರಿ ಹಂಗ ಮ್ಯಾಲ ಬಿಟ್ರ ಜ್ವರ ಇಳ್ಯೂದಿಲ್ಲ," ಎಂದು ಅವ್ವ ಹೇಳಿ ಹೇಳಿ, ಟೈಫಾಯ್ಡಿನ ಇಪ್ಪತ್ತು ದಿನ ನಾನೇ ನೋಡಿ ನಾನೇ ಝಾಡಿಸಿ ಕೈಗೆ ಚಟ ಹತ್ತಿತ್ತು. ಮೂರು ಸಲ ಝಾಡಿಸಿದೆ. ಗೆರೆ ಬುಡಕ್ಕೆ ಹೋಯಿತು. ಚಟಕ್ಕೆ ಝಾಡಿಸಿದೆನೋ, ಇನ್ನೊಬ್ಬರು ನೋಡಬಾರದೆಂದು ಝಾಡಿಸಿದೆನೋ? ಕೈಯನ್ನು ಕೇಳಿದರೆ ಚಟ ಅನ್ನುತ್ತದೆ. ಕೈ ಯಾವಾಗ ನಿಜ ಹೇಳಿದೆ?

"ನೀನೇ ಹೇಳು, ಆಡುದಾ ಬೇಡ್ವಾ?" ಎಂದಳು ಅವಳು. ಆಗ ಟವೆಲ್ಲು ತೆಗೆದು ನನ್ನ ಮುಖ ನೋಡಿದಳು. ನಾನು ಪಟ್ಟಿಯಲ್ಲಿ ಮೊದಲನೆಯವಳು ಎಂಬುದು ಅವಳಿಗೆ ಗೊತ್ತಿತ್ತು. ಇಡೀ ಕ್ಲಬ್ಬಿಗೆ ಗೊತ್ತಿತ್ತು. ಅಪ್ಪ ಎಲ್ಲರಿಗೂ ಹೇಳಿದ್ದರು. ಗೊತ್ತಿದ್ದೂ ನನ್ನನ್ನೇ ಕೇಳಿದಳು.

"ಆಡಬ್ಯಾಡ ಸುಮಿ," ಎಂದೆ. "ಮೈ ಸುಡಲಿಕತ್ತದ. ಮುಂದಿನ ವರ್ಷ ಇದ್ದ ಅದ." ಬಾಗಿಲ ಕಡೆ ತಿರುಗಿ, "ಎಕಶೇ ದೋನ, ಕಾಕಾ," ಎಂದು ಅದನ್ನೇ ಮರಾಠಿಯಲ್ಲಿ ಕೂಗಿದೆ. ಕಾಕಾ "ಅರೇ ದೇವಾ" ಎಂದು ರೆಫರಿಯ ಕಡೆ ನಡೆದರು.

ಹತ್ತು ನಿಮಿಷದಲ್ಲಿ ನನ್ನ ಹೆಸರು ಕರೆದರು. ಸುಮನಾಳ ಅಣ್ಣ ಬಂದು ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮನೆಗೆ ಹೋದ. ಹೋಗುವಾಗ ಅವಳು ಕೈ ಬೀಸಿ, "ಅವಳ ಬ್ಯಾಕ್‌ಹ್ಯಾಂಡಿಗೆ ಹಾಕು, ಕೈ ನೋವುಂಟು ಅವಳಿಗೆ," ಎಂದಳು.

ಹಾಕಿದೆ. ಮೊದಲ ಸೆಟ್ಟು ಸೋತೆ, ಎರಡನೆಯದು ಹೇಗೋ ಗೆದ್ದೆ, ಮೂರನೆಯದರಲ್ಲಿ ಇಬ್ಬರೂ ಕೆಟ್ಟದಾಗಿ ಆಡಿದೆವು, ಅವಳು ನನಗಿಂತ ಸ್ವಲ್ಪ ಹೆಚ್ಚು. ಕೊನೆಯ ಚೆಂಡು ಅವಳು ನೆಟ್ಟಿಗೆ ಹೊಡೆದಾಗ ನಾನು ಕುಣಿಯಲಿಲ್ಲ. ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ತಂತಿ ಬೇಲಿಯ ಆಚೆ ಅಪ್ಪ ನಿಂತಿದ್ದರು, ಕಣ್ಣು ತುಂಬಿಕೊಂಡು.

"ಸೀಟ್ ಸಿಕ್ತಲ್ಲವಾ!" ಎಂದರು.

ನಾನು ಅಪ್ಪನನ್ನು ಅಷ್ಟು ಸಂತೋಷದಲ್ಲಿ ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವರ ಹೆಗಲಿಗೆ ತಲೆ ಇಟ್ಟು ಅತ್ತೆ. ಸಂತೋಷದ ಅಳು ಎಂದುಕೊಂಡರು. ಅರ್ಧ ಹೌದು.

ಸಂಜೆ ಸುಮನಾಳ ಮನೆಗೆ ಹೋದೆ. ಹೋಟೆಲಿನ ಮೇಲಿನ ಮಹಡಿ. ಅವಳು ಹಾಸಿಗೆಯಲ್ಲಿ ಕೂತು ಗಂಜಿ, ಉಪ್ಪಿನಕಾಯಿ ಉಣ್ಣುತ್ತಿದ್ದಳು. ಮುಖ ತೊಳೆದುಕೊಂಡು ಚೆನ್ನಾಗಿಯೇ ಇದ್ದಳು. ಅವಳ ಅಮ್ಮ ನನಗೆ ಕಾಫಿ ಕೊಡುತ್ತ, "ಮನೆಗೆ ಬಂದು ನೋಡಿದ್ರೆ ಬರೀ ನೂರಿತ್ತು ಮಗಾ. ಮಧ್ಯಾಹ್ನಕ್ಕೆ ಅದೂ ಬಿಟ್ಟಿತು. ಇರ್ಲಿ, ಒಳ್ಳೆದೇ ಆಯ್ತು, ನೀನಾದ್ರೂ ಆಡಿದಿ," ಎಂದರು. ಕಾಫಿ ಲೋಟ ಕೆಳಗಿಟ್ಟೆ. ನೂರಾ ಎರಡು ಇದ್ದದ್ದು ಒಂದು ಗಂಟೆಯಲ್ಲಿ ನೂರಕ್ಕೆ ಇಳಿಯಬಹುದೇ? ಗುಳಿಗೆ ತಗೊಂಡಿದ್ದರೆ ಇಳಿಯಬಹುದು. ಗುಳಿಗೆ ತಗೊಂಡಿದ್ದಳೇ? ಕೇಳಬೇಕೆಂದು ಬಾಯಿ ತೆರೆದೆ. ಕೇಳಲಿಲ್ಲ. ಕೇಳಿದ್ದರೆ ಅಂದೇ ಮುಗಿಯುತ್ತಿತ್ತು.

"ಹೇಳು, ಹೇಳು. ಶುರುವಿಂದ ಹೇಳು," ಎಂದಳು ಸುಮನಾ, ಗಂಜಿ ಬಟ್ಟಲು ಪಕ್ಕಕ್ಕಿಟ್ಟು. ಅವಳ ಹಾಸಿಗೆಯ ಅಂಚಿನಲ್ಲಿ ಕೂತು ಒಂದೊಂದೇ ಗೇಮು ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ನಡುನಡುವೆ ಅವಳ ಬಲಗೈ ಹೊದಿಕೆಯ ಮೇಲೆ ಸಣ್ಣಗೆ ಆಡುತ್ತಿತ್ತು.

ಎರಡನೆಯ ಸುತ್ತಿನಲ್ಲಿ ನಾನು ಸೋತೆ. ಆದರೆ ಕರಾರಿನ ಅಂಕ ಬಂದಿತ್ತು. ಆ ಒಂದು ಅಂಕದ ಬಲದ ಮೇಲೆ ಅಪ್ಪ ಆರು ವರ್ಷ ನನ್ನ ಬೆನ್ನಿಗೆ ನಿಂತರು. ಊರೂರು ಸುತ್ತಿದೆ, ಧರ್ಮಶಾಲೆಯಂಥ ಕೋಣೆಗಳಲ್ಲಿ ಮಲಗಿದೆ, ಪಟ್ಟಿಯ ಕೆಳಗಿನ ಪುಟಗಳಲ್ಲಿ ನನ್ನ ಹೆಸರೂ ಬಂತು. ದೊಡ್ಡ ಆಟಗಾರ್ತಿ ಆಗಲಿಲ್ಲ, ಆದರೆ ಆಟಗಾರ್ತಿ ಆದೆ. ಸುಮನಾಳಿಗೆ ಮುಂದಿನ ವರ್ಷ ಇರಲಿಲ್ಲ. ಪಂದ್ಯಾವಳಿ ಬೇರೆ ಊರಿಗೆ ಹೋಯಿತು, ಅದೇ ಬೇಸಿಗೆಯಲ್ಲಿ ಅವಳ ಭುಜ ಕೆಟ್ಟಿತು, ಆಮೇಲೆ ಮದುವೆ. ಆಡಿದ್ದರೂ ಅವಳ ಬದುಕು ಹೀಗೇ ಆಗುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಡಿದ್ದರೆ ಆಗುತ್ತಿರಲಿಲ್ಲ ಎಂದೂ ಅಷ್ಟೇ ಸಲ. ನಾನು ಎಲ್ಲಾದರೂ ಗೆದ್ದಾಗ ಅವಳೇ ಮೊದಲು ಫೋನು ಮಾಡುತ್ತಿದ್ದಳು. ನಾನೇ ಬರಬರುತ್ತ ಫೋನು ಎತ್ತುವುದನ್ನು ಕಡಿಮೆ ಮಾಡಿದೆ.

ಹಡಪಸರದ ಆ ಮುಂಜಾನೆಯಾದ ಮೇಲೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರವೇ ಪುಣೆಯ ಆಚೆಗಿನ ತಳೇಗಾಂವ ದಾಭಾಡೆಗೆ ಹೋದೆ. ಫ್ಯಾಕ್ಟರಿಗಳ ರಸ್ತೆಯಲ್ಲಿ ಸುಮನಾಳೂ ಅವಳ ಗಂಡನೂ ಹೋಟೆಲ್ ನಡೆಸುತ್ತಾರೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ: ಸುಮಿ, ಅವತ್ತು ನಾನು ಜ್ವರ ಸರಿಯಾಗಿ ನೋಡಲಿಲ್ಲ ಅನಿಸುತ್ತದೆ, ಬೇಕೆಂತಲೋ ಏನೋ ಗೊತ್ತಿಲ್ಲ, ನೀನು ಬೈ, ಆದರೆ ಕೇಳು. ಇಷ್ಟೇ. ಇಷ್ಟು ಹೇಳಲು ಇಪ್ಪತ್ತು ವರ್ಷ ಬೇಕಾಯಿತು.

ಅವಳು ಗಲ್ಲಾದಿಂದ ಎದ್ದು ಓಡಿ ಬಂದು ತಬ್ಬಿಕೊಂಡಳು. ದಪ್ಪಗಾಗಿದ್ದಳು, ನಗು ಹಾಗೇ ಇತ್ತು. "ಎಂತ ಮಾರಾಯ್ತಿ, ಸತ್ತಿದ್ದಿ ಅಂದ್ಕೊಂಡೆ!" ಹದಿನಾಲ್ಕರ ಮಗಳನ್ನು ಕರೆದಳು. "ನೋಡು, ಇವಳೇ ವಿದ್ಯಾ ಆಂಟಿ. ನಾನು ಹೇಳ್ತಿರ್ತೇನಲ್ಲ."

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸುಮನಾ ನನಗೆ ಬನ್ಸ್ ತರಿಸಿ, ಎದುರಿಗೆ ಕೂತು, ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು.

"ಆ ಉಜ್ಬೇಕಿ ಹುಡುಗಿ ನೆನಪುಂಟಾ ನಿಂಗೆ? ಉದ್ದ ಕಾಲಿನವಳು. ನನಗೆ ಜ್ವರ ಬೇರೆ ಅವತ್ತು. ಮೊದಲ ಸೆಟ್ ಹೋಯ್ತು. ಎರಡನೇ ಸೆಟ್ಟಲ್ಲಿ ನಾಯಿ ಒಳಗೆ ಬಂತಲ್ಲ, ಚೆಂಡು ಕಚ್ಚಿಕೊಂಡು ಓಡಿ ಹೋಯ್ತು, ಅಂಪೈರ್ ಕುರ್ಚಿಯಿಂದ ಇಳಿದು ಅದರ ಹಿಂದೆ ಓಡಿದ. ಆ ಸೆಟ್ ನಾನು ತಗೊಂಡೆ. ಮೂರನೇದ್ರಲ್ಲಿ ಮೈಯಲ್ಲಿ ತ್ರಾಣ ಇರ್ಲಿಲ್ಲ, ಸೋತೆ. ಸೋತದ್ದು ಹೌದು. ಆದ್ರೆ ಇಂಟರ್‌ನ್ಯಾಷನಲ್ ಮ್ಯಾಚಲ್ಲಿ ಮೂರು ಸೆಟ್ ಆಡಿದೆ, ಅಲ್ವಾ? ನನಗೆ ಅಷ್ಟು ಸಾಕು ಮಾರಾಯ್ತಿ. ಈ ಬಟಾಟೆ, ಈ ಗ್ಯಾಸ್ ಸಿಲಿಂಡರ್, ಇದ್ರ ಮಧ್ಯೆ ಅದೊಂದು ನೆನಪಾದ್ರೆ ಸಾಕು."

ತಮಾಷೆ ಮಾಡುತ್ತಿದ್ದಾಳೇನೋ ಎಂದು ಅವಳ ಮುಖ ನೋಡಿದೆ. ಇಲ್ಲ. ನಾಯಿ ಬಂದದ್ದು ನನ್ನ ಪಂದ್ಯದಲ್ಲಿ. ನನ್ನ ಚೆಂಡು ಅದು. ಗಂಜಿ ಬಟ್ಟಲಿನ ಪಕ್ಕ ಕೂತು ನಾನೇ ಅವಳಿಗೆ ಹೇಳಿದ್ದು. ಇಪ್ಪತ್ತು ವರ್ಷ ನಾನು ಹೊತ್ತು ತಿರುಗಿದ್ದು ಅವಳಲ್ಲಿ ಇರಲೇ ಇಲ್ಲ. ಹೆಂಗಸರ ಕೋಣೆ ಇಲ್ಲ, ಥರ್ಮಾಮೀಟರ್ ಇಲ್ಲ, "ನೀನೇ ಹೇಳು" ಎಂದು ಕೇಳಿದ್ದೂ ಇಲ್ಲ. ಈಗ ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದರೆ ನನ್ನ ಭಾರ ಇಳಿಯುತ್ತದೆ, ಅವಳು ಆಡಿದ ಆ ಒಂದೇ ಪಂದ್ಯ ಹೋಗುತ್ತದೆ. ಹೇಳದಿದ್ದರೆ, ಅವಳಿಗೆ ಒಳ್ಳೆಯದಾಗಲೆಂದು ಹೇಳಲಿಲ್ಲವೋ, ನನಗೆ ಒಳ್ಳೆಯದಾಗಲೆಂದು ಹೇಳಲಿಲ್ಲವೋ? ಮತ್ತೆ ಅದೇ ಪ್ರಶ್ನೆ. ಮತ್ತೆ ಗೊತ್ತಾಗಲಿಲ್ಲ.

ಮಗಳಿಗೆ ಈ ಕಥೆ ಕೇಳಿ ಕೇಳಿ ಸಾಕಾಗಿತ್ತೆಂದು ಕಾಣುತ್ತದೆ. ಅಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ನಿಜ ಹೇಳಿ ಆಂಟಿ. ಅಮ್ಮ ನಿಜವಾಗ್ಲೂ ಆಡಿದ್ಲಾ?"

ಸುಮನಾ ನಗುತ್ತ ನನ್ನ ಮುಖ ನೋಡಿದಳು.

"ಆಡಿದ್ಳವಾ," ಎಂದೆ. "ಭಾಳ ಚಂದ ಆಡಿದ್ಳು. ಮೂರೂ ಸೆಟ್ ನಾ ಬೇಲಿ ಹೊರಗ ಕೂತು ನೋಡೀನಿ."